ಚಂಪಾಳ ಜಳಕ ಮತ್ತು ನನ್ನ ಸರಳರೇಖೆ

ಬಿ.ಎ. ಗಣಿತ ಮುಗಿಸಿ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಗುಮಾಸ್ತನಾಗಿ ಸೇರಿದ ಹೊಸತು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಡಿಪೋದ ಆನೆ ಚಂಪಾ ಅವತ್ತು ಮೊದಲ ತಾಸಿಗೆ ನಾಲ್ಕು ದಿಮ್ಮಿ ಎಳೆದಳು, ಎರಡನೆಯ ತಾಸಿಗೆ ಆರು. ಎರಡು ಬಿಂದು ಸಿಕ್ಕಮೇಲೆ ಇನ್ನೇನು ಬೇಕು? ಸರಳರೇಖೆ ಎಳೆದೆ: ಮೂರನೆಯ ತಾಸಿಗೆ ಎಂಟು, ನಾಲ್ಕನೆಯದಕ್ಕೆ ಹತ್ತು. “ಮಧ್ಯಾಹ್ನದೊಳಗ ಇಪ್ಪತ್ತೆಂಟು ದಿಮ್ಮಿ ರೈಲಿನ ಹತ್ತಿರ ಇರ್ತಾವ್ರಿ” ಎಂದು ರೇಂಜರ್ ಸಾಹೇಬರಿಗೆ ಮಾತು ಕೊಟ್ಟೂಬಿಟ್ಟೆ.

ಮೂರನೆಯ ತಾಸಿಗೆ ಚಂಪಾ ಸರಪಳಿ ಬಿಚ್ಚಿಸಿಕೊಂಡು ಸೀದಾ ಕಾಳಿ ನದಿಗಿಳಿದು ಮಲಗಿದಳು. ಅಷ್ಟು ಸರಳ ರೇಖೆ ನಾನೂ ಎಳೆದಿರಲಿಲ್ಲ.

“ಖಾಸೀಮ ಚಾಚಾ, ಇದೇನ್ರಿ? ಆಕಿ ಜೋರು ಹೆಚ್ಚಾಗ್ತಾ ಇತ್ತಲ್ಲ!” ಎಂದು ಮಾವುತನನ್ನು ಕೇಳಿದೆ.

“ಜಳಕದ ಹೊತ್ತು ಬಂತಂತನ ಜೋರ್ ಮಾಡ್ಯಾಳ್ರಿ ರಾಯರ. ಮೈ ತಿಕ್ಕಿಸಿಕೊಳ್ಳದ ಏಳಂಗಿಲ್ಲ. ಧೋತರ ಎತ್ತಿ ಕಟ್ರಿ. ಆ ಮಗ್ಗಲು ನಿಮ್ಮದು.”

ಸೊಂಟಮಟ್ಟ ನೀರಲ್ಲಿ ನಿಂತು ತೆಂಗಿನ ನಾರಿನಿಂದ ತಿಕ್ಕುತ್ತಿದ್ದೆ. ಸಾಹೇಬರು ದಂಡೆಗೆ ಬಂದರು.

“ಏನ್ರೀ ಗಣಿತದವರ, ಇಪ್ಪತ್ತೆಂಟು ಎಲ್ಲಿ?”

“ಜಳಕ ಮಾಡಾಕತ್ತಾವ್ರಿ, ಸಾಹೇಬ್ರ.”

ಅವರು ಹೊಟ್ಟೆ ಹಿಡಿದು ನಕ್ಕರು, ನೌಕರಿ ಉಳಿಯಿತು. ಮುಂದೆಯೂ ಎಷ್ಟೋ ರೇಖೆ ಎಳೆದಿದ್ದೇನೆ, ಆದರೆ ಮೊದಲು ಮಾವುತನ ಹತ್ತಿರ ಜಳಕದ ಹೊತ್ತು ಕೇಳಿಕೊಂಡು.