ಡೊಳ್ಳಿಲ್ಲದೆ ಮನೆಗೆ ಬಂದವನು

ಗೆಳೆಯರೇ, ಇವತ್ತು ಮಕ್ತಲದ ನಮ್ಮ ಮನೆಯಲ್ಲಿ ಎಲ್ಲರೂ ಸಿನಿಮಾ ನೋಡುತ್ತಿದ್ದೆವು. ನಿರ್ಜನ ದ್ವೀಪದಲ್ಲಿ ಸಿಕ್ಕಿಬಿದ್ದ ನಾಯಕ ಹಡಗಿನವರಿಗೆ ಕಾಣಲೆಂದು ಬೆಂಕಿ ಹಚ್ಚಿದ. ನಾವು ಚಪ್ಪಾಳೆ ತಟ್ಟಿದೆವು. ಅಜ್ಜಿ ಟಿವಿಗೇ ಗದರಿದಳು: “ಆರಸಲೇ ಅದನ್ನ! ಹೊಗಿ ಕಂಡ್ರ ಬಂದೂಕಿನವ್ರು ಬರ್ತಾರ!”

೧೯೪೮ರಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡ ಪೊಲೀಸ್ ಆಕ್ಷನ್ ಕಾಲದಲ್ಲಿ, ಬಂದೂಕಿನವರಿಗೆ ಹೆದರಿ ಅವಳ ಅಪ್ಪ ಕುರಿಗಳೊಂದಿಗೆ ಕೃಷ್ಣೆಯ ನಡುಗಡ್ಡೆಯಲ್ಲಿ ಒಬ್ಬನೇ ಅಡಗಿದ್ದನಂತೆ. ಗಲಾಟೆ ಮುಗಿದರೂ ಅವನಿಗೆ ಗೊತ್ತಿಲ್ಲ. ಊರವರು ಕೂಗಿ ಕರೆದರೂ ನಂಬಲಿಲ್ಲ. ಕೊನೆಗೆ ದಂಡೆಯಲ್ಲಿ ಕುರುಬರ ದೇವರು ಬೀರಪ್ಪನ ಡೊಳ್ಳು ಬಾರಿಸಿದರು, ಬಂದ. “ಬಂದೂಕಿನವ್ರಿಗೆ ಡೊಳ್ಳು ಬಾರಸಾಕ ಬರತೈತೇನು?” ಎಂದಳು ಅಜ್ಜಿ.

ಸಿನಿಮಾದ ನಾಯಕನೂ ಮನೆಗೆ ಬಂದ. ಅಜ್ಜಿ ಒಪ್ಪಲಿಲ್ಲ: “ಡೊಳ್ಳಿಲ್ದ ಹೆಂಗ ಬಂದ?”

ಕೊಡ ಬೋರಲು ಹಾಕಿ ನಾನೇ ಬಾರಿಸಿದೆ. “ಈಗ ಮನಿ ಮುಟ್ಟಿದ ನೋಡು” ಎಂದು ನಕ್ಕಳು.

ಪಕ್ಕದ ಮನೆಯವರು ಆಗಲೇ ಬಾಗಿಲಲ್ಲಿ: “ಯಾರ್ ಬಂದಾರ್ರೀ?”