ಉದಗೀರದವರೆಗೆ ಬಂದ್ ಆಗದ ಇಂಜಿನ್

ವೈಶಾಖದ ಒಂದು ಗುರುವಾರ ಬೆಳಗಿನ ತಂಪಿನಲ್ಲೇ ಉಮರ್ಗಾದ ಬಂಕಿನಲ್ಲಿ ಟ್ಯಾಂಕಿನ ಕುತ್ತಿಗೆಯವರೆಗೆ ಪೆಟ್ರೋಲು ತುಂಬಿಸಿಕೊಂಡು ನಾನೂ ನನ್ನ ತಮ್ಮ ಗುರಯ್ಯನೂ ಉದಗೀರದ ಕಡೆಗೆ ಹೊರಟೆವು. ಸ್ಟೇರಿಂಗ್ ಅವನ ಕೈಯಲ್ಲಿತ್ತು. ಹಿಂದಿನ ಸೀಟಿನಲ್ಲಿ ಅವನ ಪೂಜೆಯ ಚೀಲ, ಬಿಲ್ವಪತ್ರೆಯ ಬುಟ್ಟಿ, ಒಂದು ಕೊಡ ಕುಡಿಯುವ ನೀರು. ನಾನು ಜೊತೆಗೆ ಬಂದದ್ದು ಪುಣ್ಯಕ್ಕಲ್ಲ, ಪತ್ತೇದಾರಿಕೆಗೆ.

ನಮ್ಮದು ಅಯ್ಯನವರ ಮನೆತನ. ಭಕ್ತರ ಮನೆಗಳಲ್ಲಿ ವಾಸ್ತುಪೂಜೆ, ನಾಮಕರಣ ಮಾಡಿಸುವ ಕೆಲಸ ಗುರಯ್ಯನ ಪಾಲಿಗೆ ಬಂತು. ನಾನು ಔಷಧಿ ಅಂಗಡಿ ಇಟ್ಟೆ. ಕಾರು ಮಾತ್ರ ಇಬ್ಬರದೂ. ನಾನು ಸರಕಿಗೆಂದು ಸೋಲಾಪುರಕ್ಕೆ ಹೋದರೆ ಲೀಟರಿಗೆ ಹದಿನೇಳು ಕಿಲೋಮೀಟರ್ ಕೊಡುವ ಗಾಡಿ ಅವನ ಕೈಯಲ್ಲಿ ಹತ್ತಕ್ಕೆ ಇಳಿಯುತ್ತಿತ್ತು. ನಮ್ಮೂರಿನ ಮೆಕ್ಯಾನಿಕ್ ಪ್ಲಗ್ಗು, ಏರ್ ಫಿಲ್ಟರ್, ಬ್ರೇಕು, ಟೈರಿನ ಗಾಳಿ ಎಲ್ಲ ನೋಡಿ, “ಗಾಡ್ಯಾಗ ಏನೂ ದೋಷ ಇಲ್ರಿ” ಎಂದು ಕೈ ಒರೆಸಿಕೊಂಡಿದ್ದ. ಉಳಿದದ್ದು ಒಂದೇ ಅನುಮಾನ, ಗುರಯ್ಯ ಪೆಟ್ರೋಲು ತೆಗೆದು ಮಾರುತ್ತಿದ್ದಾನೆಂಬುದು. ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು.

ಉದಗೀರದಲ್ಲಿ ಹಳೆಯ ಕಾರು ಕೊಳ್ಳುವವನೊಬ್ಬನಿಗೆ, ಸಂಜೆ ಗಾಡಿ ತೋರಿಸುತ್ತೇನೆಂದು ಫೋನಿನಲ್ಲಿ ಹೇಳಿಟ್ಟಿದ್ದೆ. ಕಾರು ಹೋದರೆ ಗುರಯ್ಯ ಬಸ್ಸು ಕಾಯಬೇಕು, ದಿನಕ್ಕೆ ಮೂರು ಊರು ಮಾಡುವವನು ಒಂದಕ್ಕೆ ಇಳಿಯಬೇಕು. ಅದು ಗೊತ್ತಿದ್ದೇ ಹೇಳಿದ್ದೆ. ಅವನಿಗೆ ಇದ್ಯಾವುದೂ ಗೊತ್ತಿರಲಿಲ್ಲ.

ಕಾಸಾರಶಿರಸಿಯಲ್ಲಿ ಒಂದು ಗೊಬ್ಬರದ ಅಂಗಡಿಯ ಉದ್ಘಾಟನೆ. ಗುರಯ್ಯ ಇಂಜಿನ್ ಚಾಲೂ ಇಟ್ಟೇ ಇಳಿದು ಹೋದ. ಮರೆತನೇನೋ ಅಂದುಕೊಂಡೆ. ಮಂಗಳಾರತಿ ಮುಗಿಸಿ ಬಂದವನನ್ನು ಕೇಳಿದರೆ, “ಬಿಸಲ ಭಾಳ ಅದ ಅಣ್ಣಾ, ನಿನಗ ಏಸಿ ಇರ್ಲಿ ಅಂತ” ಎಂದ. ನನಗೆ ಇಷ್ಟು ಉಪಚಾರ ಅವನು ಎಂದೂ ಮಾಡಿದವನಲ್ಲ. ಮುಳ್ಳಿನ ಮೇಲೆ ಕೂತವನ ಹಾಗೆ ಕೂತೆ.

ನಿಲಂಗಾದಲ್ಲಿ ಕೂಸಿನ ಹೆಸರಿಡುವ ಕಾರ್ಯ. ಆ ಮನೆಗೆ ನೇರ ದಾರಿ ಇದ್ದರೂ ಗುರಯ್ಯ ಒಂದು ಹಸಿರು ಗೇಟಿನ ಮನೆ ಕಂಡದ್ದೇ ಪಕ್ಕದ ಓಣಿಗೆ ತಿರುಗಿಸಿದ. ಯಾಕೆಂದು ಕೇಳಿದರೆ ಗೇರು ಬದಲಿಸಿದ. ಒಳಗೆ ಒಂದೂವರೆ ತಾಸು ಪೂಜೆ, ಹೊರಗೆ ಅಷ್ಟೂ ಹೊತ್ತು ಗುರ್ ಎನ್ನುವ ಇಂಜಿನ್ನು. ನಾನು ಇಳಿದೆ, ಚಹಾ ಕುಡಿದೆ, ಮತ್ತೆ ಹತ್ತಿದೆ. ಪೆಟ್ರೋಲಿನ ಮುಳ್ಳು ಕಣ್ಣೆದುರೇ ಇಳಿಯುತ್ತಿತ್ತು. ಕಳ್ಳತನವಲ್ಲ ಎಂಬ ಸಮಾಧಾನಕ್ಕಿಂತ, ಇಷ್ಟು ಬೇಜವಾಬ್ದಾರಿಯೇ ಎಂಬ ಸಿಟ್ಟೇ ಹೆಚ್ಚಾಯಿತು.

ಮುಂದೆ ರಸ್ತೆಯ ಎರಡೂ ಕಡೆ ನೇಗಿಲು ಹೊಡೆದು ಬಿಟ್ಟ ಕರಿ ಹೊಲ, ಬಿಸಿಗಾಳಿ. ದೇವಣಿ ದಾಟುವಾಗ ಬೇವಿನ ನೆರಳಿನಲ್ಲಿ ದೊಡ್ಡ ಜೋಲುಗಿವಿಯ ಎತ್ತುಗಳು ಮಲಗಿದ್ದವು.

ಉದಗೀರದಲ್ಲಿ ಹೊಸ ಮನೆಯ ವಾಸ್ತು. ಗುರಯ್ಯ ಎಂದಿನಂತೆ ಇಂಜಿನ್ ಬಿಟ್ಟು ಒಳಗೆ ಹೋದ. ನಾನು ಒಂದು ತಾಸು ಅಡ್ಡಾಡಿ ಬಂದು, ಇನ್ನು ಸಾಕೆಂದು ಕೀ ತಿರುವಿ ಜೇಬಿಗೆ ಹಾಕಿಕೊಂಡೆ. ರೋಗ ಪತ್ತೆ ಹಚ್ಚಿದ ವೈದ್ಯನ ಹಿಗ್ಗು ನನಗೆ. ಪೂಜೆಯ ಕೊನೆಯ ಭಾಗವಷ್ಟೇ ಉಳಿದಿತ್ತೆಂದು ಕಾಣುತ್ತದೆ, ಸ್ವಲ್ಪದರಲ್ಲೇ ಮನೆಯವರೆಲ್ಲ ಅವನನ್ನು ಕಳಿಸಲು ಬಾಗಿಲಿಗೆ ಬಂದರು. ಸದ್ದಿಲ್ಲದ ಕಾರು ನೋಡಿ ಗುರಯ್ಯನ ಮುಖ ಕಪ್ಪಿಟ್ಟಿತು.

“ಬಂದ್ ಮಾಡಿದಿ ಏನಣ್ಣಾ?”

ಕೀ ಕೊಟ್ಟೆ. ತಿರುವಿದ, ಟಿಕ್ ಎಂದಿತು, ಅಷ್ಟೇ. ಮತ್ತೊಮ್ಮೆ, ಮತ್ತೂ ಒಮ್ಮೆ. ಮನೆಯೊಡತಿ ಕೈಯಲ್ಲಿ ಅಕ್ಷತೆ ಹಿಡಿದು ನಿಂತಲ್ಲೇ ನಿಂತಿದ್ದರು. ಅವರ ಮಗ ಅಕ್ಕಪಕ್ಕದವರನ್ನು ಕರೆದು, “ಚಲಾ, ಢಕಲಾ” ಎಂದು ಮರಾಠಿಯಲ್ಲಿ ಕೂಗಿ ಕಾರು ದಬ್ಬಿಸಿದ. ಇಂಜಿನ್ ಹತ್ತಿಕೊಂಡಿತು.

ಓಣಿಯ ತಿರುವು ದಾಟಿದ ಮೇಲೆ ಗುರಯ್ಯ ಬಾಯಿ ಬಿಟ್ಟ.

“ಗಾಡಿ ಬಿಸಿ ಇದ್ದಾಗ ಬಂದ್ ಮಾಡಿದ್ರ ಸೆಲ್ಫ್ ತೊಗೊಳ್ಳಂಗಿಲ್ಲ. ಆರಿದ ಮ್ಯಾಲ ತೊಗೋತದ. ಹೋದ ವರ್ಷ ನಿಲಂಗಾದಾಗ ಆ ಹಸರ ಗೇಟಿನ ಮನಿ ವಾಸ್ತು ಮುಗಿಸಿ ಹೊಂಟಾಗ ಹೀಂಗೇ ನಿಂತಿತ್ತು. ಅಪಶಕುನ ಅಂತ ಆ ಮನಿ ಅಜ್ಜಿ ಮಾರಿ ಸಣ್ಣ ಮಾಡಿದ್ಳು. ಮುಂದ ನನಗ ಕರೀಲೇ ಇಲ್ಲ.”

“ನನಗ್ಯಾಕ ಹೇಳ್ಲಿಲ್ಲ?”

“ಹೇಳಿದ್ರ ನೀ ಗಾಡಿ ಮಾರ್ತಿದ್ದಿ.”

ಸಂಜೆ ಗಾಡಿ ನೋಡಲು ಕಾಯುತ್ತಿದ್ದವನು ನೆನಪಾದ. ಸೋಲಾಪುರದಲ್ಲಿ ನಾನು ಕಾರನ್ನು ದಿನವಿಡೀ ನೆರಳಲ್ಲಿ ನಿಲ್ಲಿಸುತ್ತಿದ್ದೆ, ಅದು ಆರುತ್ತಿತ್ತು, ಒಂದೇ ಸಲಕ್ಕೆ ಚಾಲೂ ಆಗುತ್ತಿತ್ತು. ಮನೆಯಿಂದ ಮನೆಗೆ ಓಡುವವನಿಗೆ ಮಾತ್ರ ಈ ಕಾಟ. ಒಡಹುಟ್ಟಿದವನನ್ನು ಮೊದಲು ಕಳ್ಳ, ಆಮೇಲೆ ಹೊಣೆಗೇಡಿ ಎಂದುಕೊಂಡು ಬೆಳಗಿನಿಂದ ಪಕ್ಕದಲ್ಲೇ ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು.

ಉದಗೀರದ ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬ ಇಲೆಕ್ಟ್ರಿಷಿಯನ್ ಸಿಕ್ಕ. ಸ್ಟಾರ್ಟರ್ ಬಿಚ್ಚಿ, “ಒಳಗಿನ ಕಾರ್ಬನ್ ಬ್ರಷ್ ಸವದಾವ ನೋಡ್ರಿ, ಬಿಸಿ ಆದ್ರ ಕರೆಂಟ್ ಹಾಯಂಗಿಲ್ಲ” ಎಂದು ತೋರಿಸಿ ಹೊಸದು ಹಾಕಿದ. ಅವನು ಕೆಲಸ ಮುಗಿಸುವಷ್ಟರಲ್ಲಿ ನಾವು ರೊಟ್ಟಿ, ಕಡಲೆಹಿಟ್ಟಿನ ಝುಣಕ ತಿಂದು ಮಜ್ಜಿಗೆ ಕುಡಿದೆವು.

ಹಿಂದಿರುಗುವಾಗ ನಿಲಂಗಾದಲ್ಲಿ ಹಸಿರು ಗೇಟಿನ ಮುಂದೆ ನಿಲ್ಲಿಸೆಂದೆ.

“ಬ್ಯಾಡಣ್ಣಾ.”

“ನಿಲ್ಲಸು. ಬಂದ್ ಮಾಡು.”

ಮಾಡಿದ. ಇಂಜಿನ್ನಿನ ಸದ್ದು ನಿಂತು ಓಣಿಯ ಗುಬ್ಬಿಗಳು ಕೇಳಿಸಿದವು. ಅಜ್ಜಿ ಗೇಟಿಗೆ ಬಂದು ಹಣೆಗೆ ಕೈ ಅಡ್ಡ ಹಿಡಿದು ನೋಡಿದರು.

“ಸ್ವಾಮೇರಾ? ಬರ್ರಿ ಒಳಗ. ಖರೇ ಹೇಳ್ತೀನಿ, ಅವತ್ತ ನಿಮ್ಮ ಗಾಡಿ ನಿಂತಾಗ ನನ್ನ ಎದಿ ಧಸಕ್ ಅಂದಿತ್ತು.”

“ನಂದೂ ಅಂದಿತ್ರಿ ಅವ್ವಾ” ಎಂದ ಗುರಯ್ಯ.

ಇಬ್ಬರೂ ನಕ್ಕರೆಂದು ಹೇಳಲಾರೆ. ಚಹಾ ಕೊಟ್ಟರು, ಗುರಯ್ಯ ಅವರಿಗೆ ವಿಭೂತಿ ಕೊಟ್ಟ. ಹೊರಡುವಾಗ ಅಜ್ಜಿ ಗೇಟಿನವರೆಗೆ ಬಂದು ಕಾರನ್ನೇ ನೋಡುತ್ತ ನಿಂತರು. ಗುರಯ್ಯ ಕೀ ನನ್ನ ಕೈಗಿಟ್ಟ.

“ನೀ ಮಾಡು ಅಣ್ಣಾ. ನನ್ನ ಕೈಲೆ ಆಗಂಗಿಲ್ಲ.”

ಶಕುನಗಿಕುನ ನಂಬುವವನಲ್ಲ ನಾನು. ಆದರೂ ಕೀ ಹಿಡಿದ ಬೆರಳು ಮುಂದೆ ಹೋಗಲಿಲ್ಲ. ಎಷ್ಟೋ ವರ್ಷದ ಮೇಲೆ ಮನಸ್ಸಿನಲ್ಲೇ ಶಿವನನ್ನು ನೆನೆದೆ, ತಿರುವಿದೆ. ಒಂದೇ ಸಲಕ್ಕೆ ಚಾಲೂ ಆಯಿತು. ಕನ್ನಡಿಯಲ್ಲಿ ಅಜ್ಜಿ ಎರಡೂ ಕೈ ಎತ್ತಿ ಮುಗಿಯುವುದು ಕಂಡಿತು.

ಓಣಿ ದಾಟುವ ಮೊದಲೇ ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಗಾಡಿ ಕೊಳ್ಳಲು ಕಾಯುತ್ತಿದ್ದ ಉದಗೀರದವನು.

“ಫೋನ್ ಬರ್ಲತ್ತದ ಅಣ್ಣಾ.”

“ಬರಲಿ” ಅಂದೆ.