ಷಡ್ಡಕನ ಕತೆಯ ಕೊನೆಯ ಸಾಲು

ಅಣುಬಾಂಬಿನ ಪರೀಕ್ಷೆಗಳ ಸುದ್ದಿ ಪತ್ರಿಕೆಗಳ ಮುಖಪುಟ ಬಿಟ್ಟು ಇಳಿಯದಿದ್ದ ವರ್ಷಗಳವು. ವಾರಪತ್ರಿಕೆಯೊಂದರ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವನಿಗೆ ಜೊತೆಯವರು ಇಟ್ಟ ಅಡ್ಡಹೆಸರು ಚಂದ್ರಲೋಕ. ಹದಿನಾಲ್ಕು ವರ್ಷದಿಂದ ಅವನು ರಾಕೆಟ್ಟು, ಚಂದ್ರನ ಮೇಲಿನ ತೋಟ ಅಂತ ಕತೆ ಬರೆದು ಸಂಪಾದಕರ ಮೇಜಿನ ಮೇಲಿಡುತ್ತಿದ್ದ. ಅವರು ಬಲು ಮರ್ಯಾದೆಯಿಂದ ವಾಪಸು ಕೊಡುತ್ತಿದ್ದರು.

“ಈಗ ಚಂದ್ರ ಯಾರಿಗೆ ಬೇಕಪ್ಪಾ? ನಾಳೆ ಭೂಮೀನೇ ಇರುತ್ತೋ ಇಲ್ವೋ ಅಂತ ಜನ ಹೆದರಿದಾರೆ. ಆ ಭಯಾನ ಬರಿ,” ಎಂದರು ಒಂದು ದಿನ.

ಬರೆಯಲು ಕೂತರೆ ಇವನಿಗೆ ಭಯ ಹುಟ್ಟಲಿಲ್ಲ, ಹೊಟ್ಟೆಕಿಚ್ಚು ಹುಟ್ಟಿತು. ಏಕೆಂದರೆ ಅಷ್ಟರಲ್ಲಿ ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ, ಶಾಲೆಯಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು, ಜನ್ಮದಲ್ಲಿ ಒಂದೂ ಕತೆ ಬರೆಯದವನು, ಮೊದಲ ಏಟಿಗೇ ಬಾಂಬಿನ ಕತೆಯೊಂದನ್ನು ಬರೆದು ಸಂಪಾದಕರಿಂದ ಸೈ ಎನಿಸಿಕೊಂಡಿದ್ದ. ಗಾಯದ ಮೇಲೆ ಬರೆ ಎಂಬಂತೆ ಅದನ್ನು ಜೋಡಿಸುವ ಕೆಲಸವೂ ಇವನ ಪಾಲಿಗೇ ಬಂತು.

ಕತೆ ಇಷ್ಟೇ. ಸೈರನ್ ಕೂಗುತ್ತದೆ, ಒಬ್ಬ ಹೆಂಗಸು ನೆಲಮಾಳಿಗೆಯಲ್ಲಿ ಹತ್ತು ದಿನ ಅಡಗಿದ್ದು, ಹನ್ನೊಂದನೆಯ ದಿನ ಮೇಲೆ ಬಂದು ಬಾಗಿಲಿನ ಅಗುಳಿಗೆ ಕೈಹಾಕುತ್ತಾಳೆ. ಕೊನೆಯ ಸಾಲು: ‘ಆಚೆ ಹಾಲಿನವನು ಎಂದಿನಂತೆ ನಿಂತಿದ್ದ.’ ಕರಡು ತಿದ್ದಿ ಬಂದಿತ್ತು, ಇನ್ನು ಯಾರೂ ಅದನ್ನು ಓದಿ ನೋಡುವಂತಿರಲಿಲ್ಲ. ಪುಟ ಕಟ್ಟುವಾಗ ಚಂದ್ರಲೋಕ ಸುತ್ತ ನೋಡಿ, ಆ ಸಾಲಿನ ಮೊಳೆಗಳನ್ನು ಕಿತ್ತು, ಜಾಗಕ್ಕೆ ಅಕ್ಷರವಿಲ್ಲದ ಬರೀ ಸೀಸದ ಪಟ್ಟಿ ತುಂಬಿದ. ಅರ್ಧಂಬರ್ಧ ಕತೆ ಎಂದು ಜನ ಉಗಿಯಲಿ ಎಂಬುದು ಅವನ ಆಸೆ.

ಜನ ಉಗಿಯಲಿಲ್ಲ, ನಡುಗಿದರು. ಬಾಗಿಲಾಚೆ ಏನಿತ್ತು ಎಂದು ಕೇಳಿ ಚೀಲಗಟ್ಟಲೆ ಪತ್ರ ಬಂದವು. ಸಂಪಾದಕರು, ಕೊನೆಯ ಸಾಲು ತೆಗೆದದ್ದು ಕತೆಗಾರನದೇ ಜಾಣತನವೆಂದು ತಿಳಿದು, ಷಡ್ಡಕನನ್ನು ಕರೆಸಿ ಕುರ್ಚಿ ಕೊಟ್ಟು ಕೂರಿಸಿದರು. ಸಾಲು ಬಿಟ್ಟುಹೋದದ್ದು ಆ ಮಹಾರಾಯನಿಗೆ ಗೊತ್ತಿತ್ತು. ಹೊಗಳಿಕೆ ಕಿವಿಗೆ ಬಿದ್ದ ಮೇಲೆ ತುಟಿ ಪಿಟಕ್ಕೆನ್ನಲಿಲ್ಲ.

ಮನೆಗೆ ಬಂದರೆ ಆ ಕತೆ ಓದಿ ಹೆದರಿದ ಹೆಂಡತಿ ಇದ್ದಬದ್ದ ಪಾತ್ರೆಗಳಿಗೆಲ್ಲ ನೀರು ತುಂಬಿಟ್ಟಿದ್ದಳು. ಚಂದ್ರಲೋಕನಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಕತೆ ಓದಿ ಇವಳು ಒಮ್ಮೆಯಾದರೂ ಕತ್ತೆತ್ತಿ ಆಕಾಶ ನೋಡಿದ್ದುಂಟೇ? ಆದರೆ ಅವಳು ನಾಲ್ಕು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಬೆಚ್ಚಿಬೀಳುತ್ತಿದ್ದಳು.

“ನೀವೇ ಅಲ್ವಾ ಜೋಡಿಸಿದ್ದು? ಆಚೆ ಏನಿತ್ತು ಅಂತ ನಿಮಗಾದ್ರೂ ಗೊತ್ತಾ?”

ಬಾಯಿಬಿಟ್ಟರೆ ಮಾತು ತಂಗಿಯ ಮನೆ ಮುಟ್ಟುತ್ತದೆ, ಅಲ್ಲಿಂದ ಅಚ್ಚುಕೂಟಕ್ಕೆ, ಕೆಲಸಕ್ಕೇ ಸಂಚಕಾರ. ಆದರೂ ಅವಳ ಬಾಡಿದ ಮುಖ ನೋಡಲಾರದೆ ಹೇಳಿಬಿಟ್ಟ.

“ಕೊನೇ ಸಾಲು ನಾನೇ ಕಿತ್ತುಹಾಕಿದೆ ಕಣೇ, ಹೊಟ್ಟೆಕಿಚ್ಚಿಗೆ. ಆಚೆ ಹಾಲಿನವನು ನಿಂತಿದ್ದ. ಅಷ್ಟೇ.”

ಅವಳು ಅವನನ್ನೇ ದಿಟ್ಟಿಸಿ ನೋಡಿದಳು. ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕಳು.

“ಸುಮ್ನಿರಿ. ನಮ್ಮ ಮೇಷ್ಟ್ರು ಇಷ್ಟು ಸಪ್ಪೆಯಾಗಿ ಬರೀತಾರಾ? ಇದು ನಿಮ್ಮ ಕತೆ ತರಾನೇ ಇದೆ.”